ಇವರು ನಿಮಗೆ ಏನಾಗಬೇಕು?

"ಇವರು ನಿಮಗೆ ಏನಾಗಬೇಕು?" ಎಂದು ಲಾಡ್ಜಿನ ಮೇಜಿನ ಹಿಂದೆ ಕುಳಿತಿದ್ದವನು ಕೇಳಿದ್ದು ನನ್ನನ್ನಲ್ಲ, ನನ್ನ ಗಂಡನನ್ನು. ನಾನು ಅಲ್ಲೇ, ಅವನ ಮೇಜಿನಿಂದ ಒಂದು ಮೊಳ ದೂರದಲ್ಲಿ, ಆಯಿ ಕಟ್ಟಿಕೊಟ್ಟ ಜೋನಿಬೆಲ್ಲದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ರೇನ್‌ಕೋಟಿನಿಂದ ನೀರು ಸುರಿಸುತ್ತ ನಿಂತಿದ್ದೆ. ನಿನ್ನೆ ರಾತ್ರಿ ಒಂಬತ್ತೂಕಾಲರ ಮಾತು ಇದು. ಈಗ ಕಾರವಾರದ ಸದಾಶಿವಗಡದ ಮನೆಯಲ್ಲಿ ಕುಳಿತಿದ್ದೇನೆ, ಅತ್ತೆಯವರು ಎರಡು ಸಲ ಊಟಕ್ಕೆ ಕರೆದು ಹೋದರು, ನನಗೆ ಆ ಮೇಜಿನ ಮುಂದಿನಿಂದ ಇನ್ನೂ ಕದಲಲು ಆಗಿಲ್ಲ.

ಶಿರಸಿಯಿಂದ ಕಾರವಾರಕ್ಕೆ ಎಷ್ಟು ದೂರ? ದೇವಿಮನೆ ಘಟ್ಟ ಇಳಿದು ಕುಮಟೆ, ಅಂಕೋಲೆಯ ಮೇಲೆ ಬಂದರೆ ಸುಮಾರು 130 ಕಿಲೋಮೀಟರು. ಒಂದೇ ಜಿಲ್ಲೆಯೊಳಗಿನ ದಾರಿ. ಬನವಾಸಿಯಲ್ಲಿ ದೊಡ್ಡತ್ತೆ ಬಿಡದೆ ಕೂರಿಸಿಕೊಂಡದ್ದರಿಂದ ಹೊರಡುವಾಗಲೇ ಸಂಜೆಯಾಗಿತ್ತು. ಘಟ್ಟದಲ್ಲಿ ಮಳೆ ಹಿಡಿದು, ಕಾರಿನ ದೀಪದ ಬೆಳಕು ಎದುರಿನ ತಿರುವಿಗೂ ತಲುಪದಂತಾಗಿತ್ತು. ಕೆಳಗೆ ಇಳಿಯುವಷ್ಟರಲ್ಲಿ ಅತ್ತೆಯವರು ಕರೆ ಮಾಡಿ, ಈ ಮಳೆಯಲ್ಲಿ ಕತ್ತಲೆಯ ಹೊತ್ತು ಶಿರೂರಿನ ಗುಡ್ಡದ ಕೆಳಗೆ ಹಾದು ಬರಬೇಡಿ ಎಂದು ಅಳುವ ದನಿಯಲ್ಲಿ ಹೇಳಿದರು. 2024ರ ಜುಲೈ 16ರಂದು ಆ ಗುಡ್ಡ ಕುಸಿದು ಚಹಾ ಅಂಗಡಿಯನ್ನೂ ಲಾರಿಯನ್ನೂ ಗಂಗಾವಳಿ ನದಿಗೆ ತಳ್ಳಿದ ದಿನದಿಂದ ನಮ್ಮ ಮನೆಯಲ್ಲಿ ಇದು ನಿಯಮವೇ ಆಗಿದೆ. ಹಾಗಾಗಿ ಹೆದ್ದಾರಿಯ ಬದಿಯ ಪೇಟೆಯೊಂದರಲ್ಲಿ, ದೀಪ ಉರಿಯುತ್ತಿದ್ದ ಮೊದಲ ಲಾಡ್ಜಿಗೆ ಹೋದೆವು. ಊರಿನ ಹೆಸರು, ಲಾಡ್ಜಿನ ಹೆಸರು ನಾನು ಬರೆಯುವುದಿಲ್ಲ. ಇನ್ನೊಂದು ಊರಿನಲ್ಲಿ ಇನ್ನೊಂದು ಮೇಜಿನ ಹಿಂದೆ ಇಂಥವನೇ ಇನ್ನೊಬ್ಬ ಕುಳಿತಿರುತ್ತಾನೆ ಎಂದು ನನಗೆ ಗೊತ್ತು.

ಅವನು ಇಬ್ಬರ ಆಧಾರ್ ಕಾರ್ಡುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ. ನನ್ನದರಲ್ಲಿ ಅಪ್ಪನ ಮನೆಯ ವಿಳಾಸ, ಶಿರಸಿ ತಾಲ್ಲೂಕು. ಗಂಡನದರಲ್ಲಿ ಸದಾಶಿವಗಡ. ಅಡ್ಡಹೆಸರೂ ಬೇರೆ, ಏಕೆಂದರೆ ಮದುವೆಯಾದ ಮಾತ್ರಕ್ಕೆ ಹುಟ್ಟಿನಿಂದ ಬಂದ ಹೆಸರನ್ನು ಕಳಚಿಡಬೇಕೆಂದು ನಮ್ಮಿಬ್ಬರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. "ಇಬ್ಬರದ್ದೂ ಊರು ಬೇರೆ ಉಂಟಲ್ಲ ಸರ್, ಮ್ಯಾರೇಜ್ ಸರ್ಟಿಫಿಕೇಟ್ ಏನಾದರೂ ಉಂಟಾ?" ಎಂದ. ನಾವು ಅಗ್ನಿಸಾಕ್ಷಿಯಾಗಿ ಸಪ್ತಪದಿ ತುಳಿದು ಮದುವೆಯಾದವರು, ನೋಂದಣಿ ಮಾಡಿಸಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 8ನೆಯ ಸೆಕ್ಷನ್ನಿನಲ್ಲೇ, ನೋಂದಣಿಯಾಗಿಲ್ಲವೆಂಬ ಕಾರಣಕ್ಕೆ ಮದುವೆಯ ಸಿಂಧುತ್ವಕ್ಕೆ ಧಕ್ಕೆಯಿಲ್ಲ ಎಂದಿದೆ. ನೋಂದಣಿ ಆಗಿದ್ದರೂ ಆ ಕಾಗದವನ್ನು ಹಪ್ಪಳದ ಕಟ್ಟಿನ ಜೊತೆ ಕಾರಿನಲ್ಲಿಟ್ಟುಕೊಂಡು ಯಾರು ತಿರುಗುತ್ತಾರೆ?

ಆಮೇಲೆ ಅವನು ನನ್ನ ಕೊರಳಿನ ಕಡೆ ನೋಡಿದ. ಮುಖ ನೋಡಲಿಲ್ಲ, ನೇರವಾಗಿ ಕೊರಳನ್ನು ನೋಡಿದ. ರೇನ್‌ಕೋಟಿನ ಗುಂಡಿ ಗಲ್ಲದವರೆಗೂ ಹಾಕಿತ್ತು. ಅದರ ಒಳಗೆ ಕರಿಮಣಿ ಇತ್ತು. ಒಂದು ಗುಂಡಿ ಬಿಚ್ಚಿದ್ದರೆ ಆ ಕ್ಷಣದಲ್ಲೇ ಎಲ್ಲ ಮುಗಿಯುತ್ತಿತ್ತು, ಬೀಗದ ಕೈ ಸಿಗುತ್ತಿತ್ತು, ಒದ್ದೆ ಬಟ್ಟೆ ಬದಲಿಸಬಹುದಿತ್ತು. ನನ್ನ ಕೈ ಏಳಲಿಲ್ಲ. ಪಕ್ಕದ ಬೆಂಚಿನಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ಕುಳಿತಿದ್ದ ಕುಟುಂಬವೊಂದು ಮಾತು ನಿಲ್ಲಿಸಿ ನಮ್ಮನ್ನೇ ನೋಡುತ್ತಿತ್ತು. ಅವರ ಜೊತೆಗಿದ್ದ ಅಜ್ಜಿ ನನ್ನ ಕಾಲಿನ ಕಡೆ, ಬಹುಶಃ ಕಾಲುಂಗುರಕ್ಕಾಗಿ, ಬಗ್ಗಿ ನೋಡಿದರು. ತಾಳಿ ತೋರಿಸಿ ಕೋಣೆ ಪಡೆಯುವ ಹೆಂಗಸು ನಾನಾಗಲಾರೆ ಎಂಬ ಒಂದೇ ಹಟ ಆಗ ನನ್ನಲ್ಲಿದ್ದದ್ದು, ಆ ಹಟ ಸರಿಯೆಂದೇ ಈಗಲೂ ಹೇಳುತ್ತೇನೆ.

ಅಷ್ಟರಲ್ಲಿ ನನ್ನ ಗಂಡ ಮೊಬೈಲು ತೆಗೆದರು. ಆರು ವರ್ಷದ ಹಿಂದಿನ ಫೋಟೋಗಳವರೆಗೆ ಬೆರಳಿನಿಂದ ಜಾರಿಸುತ್ತ ಜಾರಿಸುತ್ತ ಹೋಗಿ, ಬಾಸಿಂಗ ಕಟ್ಟಿಕೊಂಡು ನಾವಿಬ್ಬರೂ ನಿಂತಿದ್ದ ಒಂದನ್ನು ಹುಡುಕಿ ಅವನ ಮುಂದೆ ಹಿಡಿದರು. ಅವನು ಮೊಬೈಲನ್ನು ಕೈಗೇ ತೆಗೆದುಕೊಂಡ. ಎರಡು ಬೆರಳಿಟ್ಟು ನನ್ನ ಮುಖವನ್ನು ದೊಡ್ಡದು ಮಾಡಿದ. ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಆ ಫೋಟೋದಲ್ಲಿ ನನ್ನ ಪಕ್ಕದಲ್ಲೇ ಅಪ್ಪ ಇದ್ದಾರೆ, ಈಗ ಅವರು ಇಲ್ಲ. ಅವನ ಬೆರಳು ಅವರ ಮುಖದ ಮೇಲೂ ಹಾದುಹೋಯಿತು. "ಹಾಂ, ಸರಿ" ಎಂದು ಮೊಬೈಲು ವಾಪಸು ಕೊಟ್ಟು, ರಿಜಿಸ್ಟರಿನಲ್ಲಿ ಗಂಡನ ಹೆಸರು ಬರೆದು ಅದರ ಮುಂದೆ "ಮತ್ತು ಪತ್ನಿ" ಎಂದು ಸೇರಿಸಿದ. ನನ್ನ ಕಾರ್ಡನ್ನು ಅಷ್ಟು ಹೊತ್ತು ಹಿಂದೆಮುಂದೆ ತಿರುಗಿಸಿ ನೋಡಿದವನಿಗೆ ನನ್ನ ಹೆಸರು ಬರೆಯಲು ಜಾಗ ಇರಲಿಲ್ಲ.

ರಾತ್ರಿಯಿಡೀ ನಾನು ಗಂಡನ ಮೇಲೆ ಕೋಪ ಮಾಡಿಕೊಂಡಿದ್ದೆ. ಏಕೆ ತೋರಿಸಿದಿರಿ ಎಂದು ಕೇಳಿದೆ. "ನೀನು ನಡುಗುತ್ತಿದ್ದೆ, ಬೇರೆ ಕಡೆ ಹುಡುಕಿಕೊಂಡು ಹೋಗುವ ಮಳೆಯೇ ಅದು?" ಎಂದರು. ಅದೂ ನಿಜವೇ. ಅವರ ತಪ್ಪಿಲ್ಲ. ಅವರ ತಪ್ಪಿಲ್ಲವೆಂದು ಇಲ್ಲಿ ಬರೆಯುತ್ತಿರುವಾಗಲೂ ಅವರು ತೋರಿಸಬಾರದಿತ್ತು ಎಂದೇ ಮನಸ್ಸು ಹೇಳುತ್ತಿದೆ, ಏನು ಮಾಡಲಿ?

ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ಮೊದಲ ಒಂದು ಗಂಟೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು "ನಾವು ನಿಜವಾಗಿಯೂ ಗಂಡ ಹೆಂಡತಿ, ನಮ್ಮನ್ನೇ ಹೀಗೆ ಕೇಳುವುದೇ" ಎಂಬುದು. ಹಾಗಾದರೆ ಮದುವೆಯಾಗದವರನ್ನು ಹೀಗೆ ಕೇಳಬಹುದು ಎಂದಾಯಿತಲ್ಲ? ನಾಳೆ ನನ್ನ ಅಣ್ಣನ ಜೊತೆ ಬಂದು ಇದೇ ಮಳೆಗೆ ಸಿಕ್ಕಿಕೊಂಡರೆ ಯಾವ ಫೋಟೋ ತೋರಿಸಲಿ? ಕೊಯಮತ್ತೂರಿನ ಒಂದು ವಸತಿಗೃಹಕ್ಕೆ ಅಧಿಕಾರಿಗಳು ಬೀಗ ಹಾಕಿದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು 2019ರಲ್ಲೇ, ಮದುವೆಯಾಗದ ಇಬ್ಬರು ವಯಸ್ಕರು ಒಂದು ಕೋಣೆಯಲ್ಲಿ ತಂಗಬಾರದೆನ್ನುವ ಕಾನೂನೇ ಇಲ್ಲವೆಂದು ಹೇಳಿದೆ. ಗೋಕರ್ಣಕ್ಕೆ ಬರುವ ವಿದೇಶಿಯರ ವಿವರವನ್ನು ವಸತಿಗೃಹದವರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು, ಅದರಲ್ಲಿಯೂ ಮದುವೆಗೆ ಪುರಾವೆ ಕೇಳುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಮದುವೆಯಾಗಿದೆಯೋ ಇಲ್ಲವೋ ಎಂದು ಬರೆಯುವ ಜಾಗವೇ ಇಲ್ಲ. ಹಾಗಿರುವಾಗ ವಿಳಾಸ ಬೇರೆ ಎಂಬ ಒಂದೇ ಕಾರಣಕ್ಕೆ ಹೆಣ್ಣಿನ ಕೊರಳು ತಪಾಸಣೆ ಮಾಡುವ ಅಧಿಕಾರ ಇವರಿಗೆ ಕೊಟ್ಟವರು ಯಾರು? ಪೊಲೀಸರು ಹೇಳಿದ್ದಾರೆ ಎಂದು ಅವನು ಎರಡು ಸಲ ಹೇಳಿದ. ಯಾವ ಪೊಲೀಸರು, ಯಾವ ಆದೇಶ, ಯಾವ ತಾರೀಖು? ಗುರುತಿನ ಚೀಟಿ ಕೇಳಲಿ, ಪ್ರತಿ ಇಟ್ಟುಕೊಳ್ಳಲಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಮದುವೆಯ ಪುರಾವೆ ಕೇಳಬೇಕೆಂಬ ಬರಹದ ಆದೇಶ ಇದ್ದರೆ ಗೊತ್ತಿರುವವರು ದಯವಿಟ್ಟು ತೋರಿಸಿ, ಇಲ್ಲದಿದ್ದರೆ ಇಲ್ಲವೆಂದಾದರೂ ಹೇಳಿ.

ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವರು "ಗುಂಡಿ ಬಿಚ್ಚಿ ತೋರಿಸಿದ್ದರೆ ಆಗುತ್ತಿತ್ತಲ್ಲ ಮಗಾ" ಎನ್ನಬಹುದು ಎಂಬ ಭಯ. ಅವರು ಒಳ್ಳೆಯವರು, ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳುತ್ತಾರೆ, ಅದನ್ನು ಕೇಳಿಸಿಕೊಳ್ಳುವ ಶಕ್ತಿ ಇವತ್ತು ನನ್ನಲ್ಲಿಲ್ಲ. ಬಿಟ್ಟುಬಿಡಬೇಕು, ಇದು ನಮ್ಮ ಊರುಗಳು ಇರುವ ರೀತಿ, ನಾನೊಬ್ಬಳು ಕೂಗಿದರೆ ಬದಲಾಗುವುದಿಲ್ಲ ಎಂದು ಬೆಳಿಗ್ಗೆ ಸ್ನಾನ ಮಾಡುವಾಗ ತೀರ್ಮಾನಿಸಿದ್ದೆ. ಹೊರಗೆ ಬಂದು ಕನ್ನಡಿಯ ಮುಂದೆ ಕರಿಮಣಿ ಹಾಕಿಕೊಳ್ಳುವಾಗ ಕೈ ಅರ್ಧಕ್ಕೇ ನಿಂತಿತು. ನಾನಾಗಿ ಇಷ್ಟಪಟ್ಟು ಹಾಕಿಕೊಳ್ಳುತ್ತಿದ್ದ ಸರ ಅದು. ಈಗ ಹಾಕಿಕೊಂಡರೆ ಅವನಿಗೆ ತೋರಿಸಿದ ಹಾಗೆ, ಬಿಟ್ಟರೆ ಅವನಿಗೆ ಹೆದರಿ ಬಿಟ್ಟ ಹಾಗೆ.

ರಸೀದಿಯಲ್ಲಿ ಮಾಲೀಕರ ಸಂಖ್ಯೆ ಇದೆ. ಬೆಳಿಗ್ಗೆಯಿಂದ ಮೂರು ಸಲ ಕರೆ ಮಾಡಿದೆ. ಮೊದಲ ಸಲ ವಿಚಾರಿಸಿ ಹೇಳುತ್ತೇನೆ ಎಂದರು, ಆಮೇಲೆ ಎರಡು ಸಲ ಎತ್ತಲೇ ಇಲ್ಲ. ರಿಜಿಸ್ಟರಿನ ಆ ಸಾಲಿನಲ್ಲಿ ನನ್ನ ಹೆಸರು ಬರೆಸಬೇಕು, ಅದಕ್ಕಿಂತ ಹೆಚ್ಚೇನೂ ಅವರಿಂದ ನನಗೆ ಬೇಡ. ಊಟ ಮುಗಿಸಿ ಮತ್ತೆ ಕರೆ ಮಾಡುತ್ತೇನೆ.