ಗಂಜಲ ಮೋರಿಗೆ ಹೋದಮೇಲೆ ತಿಪ್ಪೆಯಲ್ಲಿ ಉಳಿಯುವುದೆಷ್ಟು?

ನಾನೀಗ ಇರುವ ನೆದರ್ಲೆಂಡ್ಸ್‌ನಲ್ಲಿ ಬಹುತೇಕ ಹೈನು ಕೊಟ್ಟಿಗೆಗಳಿಗೆ ಸೀಳು ಬಿಟ್ಟ ಕಾಂಕ್ರೀಟ್ ನೆಲ. ಸಗಣಿ, ಗಂಜಲ ಎರಡೂ ಆ ಸೀಳುಗಳಿಂದ ಕೆಳಗಿನ ತೊಟ್ಟಿಗೆ ಇಳಿಯುತ್ತವೆ. ನಮ್ಮ ಕಡೆ ಸಗಣಿ ಬಾಚಿ ತಿಪ್ಪೆಗೆ ಹಾಕುತ್ತೇವೆ, ಗಂಜಲ ಮೋರಿ ಸೇರುತ್ತದೆ. ಇಲ್ಲಿದ್ದುಕೊಂಡು ಊರಿನ ಹೊಲಗಳನ್ನು ನೆನೆದರೆ ಹೊಟ್ಟೆ ಉರಿಯುವುದು ಇದಕ್ಕೇ. ದನದಿಂದ ಹೊರಬರುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಜಲದಲ್ಲಿರುತ್ತದೆ, ಪೊಟ್ಯಾಷ್‌ನ ಬಹುಪಾಲೂ ಅದರಲ್ಲೇ.

ಹಾಗಂತ ಇಲ್ಲಿಯದೆಲ್ಲ ಸರಿ ಅನ್ನಲಾರೆ. ಗಾಳಿಯಾಡದ ತೊಟ್ಟಿಯಲ್ಲಿ ಮೀಥೇನ್ ಹುಟ್ಟುತ್ತದೆ. ಕಲಕುವಾಗ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಮೇಲೇಳುತ್ತದೆ. ಪ್ರಮಾಣ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯದೆ ಮನುಷ್ಯ ಕುಸಿದು ಬೀಳುತ್ತಾನೆ. ಜೊತೆಗೆ, ಪಶು ಆಹಾರವನ್ನು ಹೊರದೇಶಗಳಿಂದಲೂ ತರಿಸಿಕೊಳ್ಳುವ ನಾಡಿದು, ಹಾಗಾಗಿ ಗೊಬ್ಬರ ಇಲ್ಲಿಯ ನೆಲ ತಡೆಯುವುದಕ್ಕಿಂತ ಹೆಚ್ಚು. ಯುರೋಪಿನ 1991ರ ನೈಟ್ರೇಟ್ ನಿರ್ದೇಶನ ದನದ ಗೊಬ್ಬರದ ಸಾರಜನಕಕ್ಕೆ ಹೆಕ್ಟೇರಿಗೆ ವರ್ಷಕ್ಕೆ 170 ಕೆಜಿ ಎಂಬ ಮಿತಿ ಹಾಕಿದ್ದು ಆ ಸಾರಜನಕ ನೈಟ್ರೇಟ್ ಆಗಿ ಇಳಿದು ಅಂತರ್ಜಲ ಕೆಡುತ್ತಿತ್ತೆಂದೇ.

ನಮ್ಮ ಲೆಕ್ಕವೇ ಬೇರೆ. ಮಳೆಯಾಶ್ರಿತ ರಾಗಿಗೆ ಶಿಫಾರಸು ಹೆಕ್ಟೇರಿಗೆ 7.5 ಟನ್ ಕೊಟ್ಟಿಗೆ ಗೊಬ್ಬರ. ಟನ್ನಿಗೆ 5 ಕೆಜಿ ಸಾರಜನಕ ಅಂದುಕೊಂಡರೂ ಒಟ್ಟು 37.5 ಕೆಜಿ, ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ. ಎಷ್ಟೋ ಹೊಲಗಳಿಗೆ ಅಷ್ಟೂ ಬೀಳುವುದಿಲ್ಲ. ಹಾಗಾಗಿ ಇಲ್ಲಿಯ ಮಿತಿ ನಮಗೆ ಬೇಡ. ಇಲ್ಲಿಯ ಅವಸರ ಬೇಕು. ಗಂಜಲದ ಯೂರಿಯಾ ಸಗಣಿಯಲ್ಲಿರುವ ಕಿಣ್ವಕ್ಕೆ ಸಿಕ್ಕ ಕೆಲವೇ ಗಂಟೆಗಳಲ್ಲಿ ಅಮೋನಿಯಾ ಆಗಿ ಗಾಳಿಗೆ ಹಾರತೊಡಗುತ್ತದೆ. ಅದಕ್ಕೇ ಇಲ್ಲಿ ಹುಲ್ಲುಗಾವಲನ್ನು ಸಣ್ಣಗೆ ಸೀಳಿ ಗೊಬ್ಬರದ ನೀರನ್ನು ಮಣ್ಣಿನೊಳಗೇ ಇಳಿಸುತ್ತಾರೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಗಾಡಿ ಹೊಡೆದು ಹೊಲದ ತುಂಬ ಗುಪ್ಪೆ ಸುರಿದು, ಮಳೆಗೆ ಕಾಯುತ್ತಾ ಬಿಸಿಲಿಗೆ ಬಿಡುತ್ತೇವೆ. ಪೈರು ಬಂದಮೇಲೆ ನೋಡಿ: ಗುಪ್ಪೆ ಇದ್ದ ಜಾಗದಲ್ಲಿ ಕಡುಹಸಿರಾಗಿ ಎದ್ದು ಮಲಗಿರುತ್ತದೆ, ನಡುವೆ ಪೇಲವ.

ಮಾಡಬೇಕಾದ್ದು ದುಬಾರಿಯ ಕೆಲಸವಲ್ಲ. ದನದ ಕೆಳಗೆ ರಾಗಿಹುಲ್ಲಿನ ಕಸವನ್ನೋ ಒಣ ಎಲೆಯನ್ನೋ ಹಾಸಿ, ಗಂಜಲ ಹೀರಿದ್ದನ್ನು ಸಗಣಿಯ ಜೊತೆಗೇ ದಿನಾ ಎತ್ತಬೇಕು. (ಮಲೆನಾಡಿನವರು ಸೊಪ್ಪು ಹಾಸುವುದು ಈ ವಿಷಯದಲ್ಲಿ ಡಚ್ಚರ ತೊಟ್ಟಿಗಿಂತ ಒಂದು ಕೈ ಮೇಲು; ಗಂಜಲವೂ ಉಳಿಯಿತು, ಮಣ್ಣಿಗೆ ಇಂಗಾಲವೂ ಸಿಕ್ಕಿತು.) ಎತ್ತಿದ್ದನ್ನು ತುಂಬುವ ಗುಂಡಿ 20 ಅಡಿ ಉದ್ದ, 5–6 ಅಡಿ ಅಗಲ, 3 ಅಡಿ ಆಳ ಇರಲಿ. ದಿನದ ಗೊಬ್ಬರವನ್ನು ಗುಂಡಿಯ ಉದ್ದಕ್ಕೂ ತೆಳ್ಳಗೆ ಹರಡಬೇಡಿ, ಎಲ್ಲವೂ ಒಣಗುತ್ತದೆ. ಒಂದು ತುದಿಯಿಂದ ಮೂರು ಮೂರು ಅಡಿಯ ಭಾಗವನ್ನು ತುಂಬುತ್ತಾ, ನೆಲಮಟ್ಟಕ್ಕಿಂತ ಒಂದೂವರೆ–ಎರಡು ಅಡಿ ಏರಿದಾಗ ಗುಮ್ಮಟದಂತೆ ಮಾಡಿ ಸಗಣಿ-ಮಣ್ಣಿನಿಂದ ಮೆತ್ತಿ, ಮುಂದಿನ ಭಾಗಕ್ಕೆ ಹೋಗಬೇಕು. ಮಳೆನೀರು ನುಗ್ಗದಂತೆ ಸುತ್ತ ಬದು ಕಟ್ಟಿ. ತೆರೆದ ತಿಪ್ಪೆಯಿಂದ ಮೊದಲ ಮಳೆಗೆ ಹರಿಯುವ ಕಂದು ನೀರಿನಲ್ಲಿ ಹೋಗುವುದು ನಿಮ್ಮದೇ ಪೊಟ್ಯಾಷ್.

ಇಂಗಾಲದ ಬಗ್ಗೆ ಒಂದು ಎಚ್ಚರ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಕಂಡ ತಾಕೊಂದರಲ್ಲಿ, ಗೊಬ್ಬರವನ್ನೇ ಕಾಣದ ತಾಕಿಗಿಂತ ಹೆಚ್ಚು ಇಂಗಾಲ ನೂರು ವರ್ಷ ಕಳೆದರೂ ಉಳಿದಿತ್ತು. ನಮ್ಮ ಬಿಸಿಲಿಗೆ, ಕೆಂಪು ಮಣ್ಣಿಗೆ ಆ ಭರವಸೆ ಇಲ್ಲ. ಬಿಸಿ ನೆಲದಲ್ಲಿ ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುತ್ತವೆ, ಮೂರು ವರ್ಷಕ್ಕೊಮ್ಮೆ ರಾಶಿ ಸುರಿಯುವುದಕ್ಕಿಂತ ವರ್ಷವರ್ಷವೂ ಸ್ವಲ್ಪಸ್ವಲ್ಪ ಕೊಡುವುದೇ ಸರಿ.

ಮೆತ್ತಿದ ನಾಲ್ಕೈದು ತಿಂಗಳಿಗೆ ಗೊಬ್ಬರ ಕಳಿಯುತ್ತದೆ. ಹಿಡಿ ತೆಗೆದು ಮೂಸಿ. ಹಸಿ ಮಣ್ಣಿನ ವಾಸನೆ ಬಂದರೆ ಹೊಲಕ್ಕೆ ಸಾಗಿಸಬಹುದು. ಮೂಗಿಗೆ ಘಾಟು ಹೊಡೆದರೆ, ಹುಲ್ಲಿನ ಎಳೆ ಇನ್ನೂ ಗಟ್ಟಿಯಿದ್ದರೆ ಕಾಯಿರಿ. ಅರೆಬರೆ ಕೊಳೆತದ್ದು ಕಳೆಬೀಜ, ಗೊಣ್ಣೆಹುಳುಗಳನ್ನು ಜೊತೆಗೇ ತರುತ್ತದೆ, ಎಳೆ ಪೈರಿನ ಸಾರಜನಕವನ್ನೂ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಸಾಗಿಸಿದ್ದನ್ನು ಅಂದೇ ಹರಡಿ, ಅಂದೇ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ.