ಲ್ಯಾರಿ ಮರ್ಫಿಯ 76 ಪಾಯಿಂಟ್ ಮುರಿಯುವ ಹುಡುಗ ಬರುತ್ತಾನೆ

ಸೋಮವಾರಪೇಟೆಯಲ್ಲಿ ಓದುವಾಗ ನಾನು ಶಾಲೆಯ ಹಾಕಿ ತಂಡದಲ್ಲಿ ಬ್ಯಾಕ್ ಆಡುತ್ತಿದ್ದೆ. ಮೇಷ್ಟ್ರು ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ನೀನು ಹಾಫ್ ಲೈನ್ ದಾಟಬೇಡ ಮಾರಾಯ." ಚೆಂಡು ಕಾಲಬಳಿ ಇದ್ದು ಎದುರಿಗೆ ಜಾಗ ಖಾಲಿ ಇದ್ದರೂ ದಾಟುವಂತಿಲ್ಲ. ಅದಕ್ಕೋ ಏನೋ, ಮಾಂಟ್ರಿಯಲ್‌ಗೆ ಬಂದು ಐಸ್ ಹಾಕಿ ನೋಡಲು ಶುರು ಮಾಡಿದಾಗಿನಿಂದ ನನ್ನ ಕಣ್ಣು ಮೊದಲು ಹೋಗುವುದು ಡಿಫೆನ್ಸ್ ಆಡುವವರ ಮೇಲೆಯೇ.

2024-25ರ ಸೀಸನ್‌ನಲ್ಲಿ ನಮ್ಮ ಊರಿನ ಕನೇಡಿಯನ್ಸ್ ತಂಡದ ಡಿಫೆನ್ಸ್ ಆಟಗಾರ ಲೇನ್ ಹಟ್ಸನ್ ಆಡಿದ್ದನ್ನು ನೋಡಿ ಆ ಹಳೆಯ ಆಸೆಯೆಲ್ಲ ತೀರಿದಂತಾಯಿತು. ಎತ್ತರ 5 ಅಡಿ 9 ಇಂಚು. ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ 2022ರ ಡ್ರಾಫ್ಟ್‌ನಲ್ಲಿ ತಂಡಗಳು ಇವನಿಗಿಂತ ಮೊದಲು 61 ಹುಡುಗರನ್ನು ಆರಿಸಿಕೊಂಡಿದ್ದವು. ಅಂಥವನು ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತನ್ನ ಮೊದಲ ಪೂರ್ತಿ ಸೀಸನ್‌ನಲ್ಲೇ 66 ಪಾಯಿಂಟ್ ಮಾಡಿ, ವರ್ಷದ ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿ ಗೋಲ್ ಹೊಡೆದವನಿಗೆ ಒಂದು ಪಾಯಿಂಟ್. ಅದಕ್ಕೆ ಮೊದಲು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಮುಟ್ಟಿಸಿಕೊಟ್ಟ ಇಬ್ಬರವರೆಗೂ ಅಸಿಸ್ಟ್ ಎಂದು ಒಂದೊಂದು ಪಾಯಿಂಟ್. ಹಾಗಾಗಿ ಹಿಂದಿನಿಂದ ಆಟ ಕಟ್ಟುವ ಡಿಫೆನ್ಸ್‌ನವನಿಗೂ ಲೆಕ್ಕದಲ್ಲಿ ಪಾಲಿದೆ. ಹಟ್ಸನ್‌ನ 66ರಲ್ಲಿ 60 ಅಸಿಸ್ಟ್‌ಗಳೇ.

ಆ 60 ಸುಮ್ನೆ ಒಂದು ಸಂಖ್ಯೆ ಅಲ್ಲ. 1980-81ರಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್ ತಂಡದ ಲ್ಯಾರಿ ಮರ್ಫಿ ತನ್ನ ಮೊದಲ ಸೀಸನ್‌ನಲ್ಲಿ ಮಾಡಿದ್ದೂ ಸರಿಯಾಗಿ 60 ಅಸಿಸ್ಟ್. ಜೊತೆಗೆ 16 ಗೋಲ್, ಒಟ್ಟು 76 ಪಾಯಿಂಟ್. ರೂಕಿ, ಅಂದರೆ ಮೊದಲ ಸೀಸನ್ ಆಡುವ ಡಿಫೆನ್ಸ್‌ಮನ್‌ಗಳ ಪಾಯಿಂಟ್ ದಾಖಲೆ ಎಂದರೆ ಅದೇ. ಹಟ್ಸನ್ ಅಸಿಸ್ಟ್‌ನಲ್ಲಿ ಸರಿಸಮ ನಿಂತ, ಒಟ್ಟು ಪಾಯಿಂಟ್‌ನಲ್ಲಿ ಹತ್ತು ಹಿಂದೆ ಉಳಿದ.

"ಅದು ಆ ಕಾಲದ ದಾಖಲೆ, ಈಗ ಯಾರಿಂದಲೂ ಆಗಲ್ಲ" ಎಂದು ಇಲ್ಲಿನ ಗೆಳೆಯರು ವಾದ ಮಾಡುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆಗ ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ 7ಕ್ಕಿಂತ ಜಾಸ್ತಿ ಗೋಲ್ ಬೀಳುತ್ತಿದ್ದವು. ಈಗ 6ರ ಆಸುಪಾಸು. ಗೋಲ್‌ಕೀಪರ್‌ಗಳ ಪ್ಯಾಡ್ ದೊಡ್ಡದಾಗಿದೆ, ಅವರ ತರಬೇತಿಯೇ ಬೇರೆಯಾಗಿದೆ. ಅದಕ್ಕಿಂತ ಮುಖ್ಯವಾಗಿ, ಮರ್ಫಿ ಪಕ್ ಕೊಡುತ್ತಿದ್ದದ್ದು ಯಾರಿಗೆ? ಮಾರ್ಸೆಲ್ ಡಿಯಾನ್, ಚಾರ್ಲಿ ಸಿಮ್ಮರ್, ಡೇವ್ ಟೇಲರ್ ಇದ್ದ ತಂಡ ಅದು. ಆ ಸೀಸನ್‌ನಲ್ಲಿ ಮೂವರೂ ನೂರು ಪಾಯಿಂಟ್ ದಾಟಿದ್ದರು. 19ನೇ ವಯಸ್ಸಿಗೆ ಅಂಥವರ ಜೊತೆ ಆಡಲು ಸಿಗುವುದು ದೊಡ್ಡ ಅದೃಷ್ಟ, ಅಲ್ವಾ? ಇದರಿಂದ ಮರ್ಫಿಯ ಸಾಧನೆ ಚಿಕ್ಕದಾಗುವುದಿಲ್ಲ. ಮುಂದಿನ ಹುಡುಗನಿಗೆ ಏನೇನು ಬೇಕು ಎನ್ನುವುದು ಗೊತ್ತಾಗುತ್ತದೆ, ಅಷ್ಟೆ.

ಇನ್ನೊಂದು ಲೆಕ್ಕ ನೋಡಿ. 1988-89ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಬ್ರಯಾನ್ ಲೀಚ್ 68 ಪಂದ್ಯದಲ್ಲೇ 71 ಪಾಯಿಂಟ್ ಮಾಡಿದ. ಪಂದ್ಯಕ್ಕೆ ಒಂದಕ್ಕಿಂತ ಹೆಚ್ಚು! ಮರ್ಫಿಯಂತೆ 80 ಪಂದ್ಯ ಆಡಲು ಸಿಕ್ಕಿದ್ದರೆ ದಾಖಲೆ ಅಂದೇ ಹೋಗುತ್ತಿತ್ತು. ತೀರಾ ಈಚೆಗೆ, 2019-20ರಲ್ಲಿ ಕೊಲೊರಾಡೊದ ಕೇಲ್ ಮಕಾರ್ 57 ಪಂದ್ಯದಲ್ಲಿ 50 ಪಾಯಿಂಟ್ ಮಾಡಿದ್ದ. ಗಾಯ ಒಂದಷ್ಟು ಪಂದ್ಯ ತಿಂದಿತು, ಕೋವಿಡ್ ಉಳಿದದ್ದನ್ನು ತಿಂದಿತು. ಅದೇ ವೇಗದಲ್ಲಿ 82 ಪಂದ್ಯ ಆಡಿದ್ದರೆ 72ರ ಹತ್ತಿರ ಬರುತ್ತಿದ್ದ. ಗೋಲ್ ಕಡಿಮೆ ಬೀಳುವ ಈ ಕಾಲದಲ್ಲಿ!

ಈ ಕಾಲದಲ್ಲಿ ಡಿಫೆನ್ಸ್‌ನವರಿಗೆ ಒಂದು ಅನುಕೂಲವೂ ಇದೆ. ಎದುರಾಳಿಯ ಒಬ್ಬ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತಾಗ ಸಿಗುವ ಪವರ್ ಪ್ಲೇಯಲ್ಲಿ ಹಿಂದೆಲ್ಲ ಎದುರಾಳಿಯ ವಲಯ ಶುರುವಾಗುವ ಬ್ಲೂ ಲೈನ್ ಬಳಿ ಸಾಮಾನ್ಯವಾಗಿ ಇಬ್ಬರು ನಿಲ್ಲುತ್ತಿದ್ದರು. ಈಗ ಹೆಚ್ಚಿನ ತಂಡಗಳು ನಾಲ್ಕು ಫಾರ್ವರ್ಡ್‌ಗಳನ್ನು ಮುಂದೆ ಬಿಟ್ಟು ಅಲ್ಲಿ ಒಬ್ಬನನ್ನೇ ನಿಲ್ಲಿಸುತ್ತವೆ. ಆ ಒಬ್ಬನ ಕೈಯಿಂದಲೇ ಪಕ್ ಹಾಯುತ್ತಿರುತ್ತದೆ. ಆ ಜಾಗ ಹೊಸಬನಿಗೆ ಸಿಕ್ಕರೆ ಸಾಕು, ಅಸಿಸ್ಟ್ ತಾನಾಗಿ ಕೂಡುತ್ತಾ ಹೋಗುತ್ತದೆ.

ಸಿಗಬೇಕಲ್ಲ! ನನ್ನ ಪ್ರಕಾರ ಅರ್ಧ ದಾಖಲೆ ಕೋಚ್‌ ಕೈಯಲ್ಲಿದೆ. ಹೊಸಬ ತಪ್ಪು ಮಾಡುತ್ತಾನೆ. ಡಿಫೆನ್ಸ್‌ನವನ ತಪ್ಪು ನೇರವಾಗಿ ಗೋಲ್ ಆಗುತ್ತದೆ, ಎಲ್ಲರಿಗೂ ಕಾಣುತ್ತದೆ. ಆಗ ಕೂರಿಸಿಬಿಟ್ಟರೆ ಕಥೆ ಮುಗಿಯಿತು. ಹಟ್ಸನ್ ಕೋಚ್ ಮಾರ್ಟಿನ್ ಸೇಂಟ್ ಲೂಯಿ ಕೈಗೆ ಸಿಕ್ಕಿದ್ದು ಪುಣ್ಯ. ಅವರೂ ಕುಳ್ಳಗಿನ ಆಟಗಾರರೇ. ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರನ್ನು ಆರಿಸಿರಲಿಲ್ಲ. ಆದರೂ ಮುಂದೆ ಎರಡು ಸಲ ಇಡೀ ಲೀಗ್‌ಗೇ ಹೆಚ್ಚು ಪಾಯಿಂಟ್ ಮಾಡಿದವರು. ಅವರು ಹಟ್ಸನ್‌ನನ್ನು ಪಂದ್ಯಕ್ಕೆ ಸರಾಸರಿ 22 ನಿಮಿಷಕ್ಕೂ ಜಾಸ್ತಿ ಆಡಿಸಿದರು. ಪಕ್ ಕಳೆದುಕೊಂಡ ದಿನವೂ ಆಡಿಸಿದರು. ಅದನ್ನು ನೋಡುವಾಗ ನನಗೆ ನಿಜಕ್ಕೂ ಗಂಟಲು ಕಟ್ಟುತ್ತಿತ್ತು.

"ಗೋಲ್ ಕಡೆ ಓಡುವವನಿಗೆ ಡಿಫೆನ್ಸ್ ಬರಲ್ಲ" ಎನ್ನುವ ಮಾತು ಇವತ್ತಿನದಲ್ಲ. ಮರ್ಫಿಯೂ ಟೊರಾಂಟೊದಲ್ಲಿ ಆಡುವಾಗ ತನ್ನದೇ ತಂಡದ ಪ್ರೇಕ್ಷಕರಿಂದ ಕೂಗು ಹಾಕಿಸಿಕೊಂಡವನು. ಅಲ್ಲಿಂದ ಡೆಟ್ರಾಯ್ಟ್‌ಗೆ ಹೋಗಿ 1997 ಮತ್ತು 1998ರಲ್ಲಿ ಲೀಗ್‌ನ ಚಾಂಪಿಯನ್ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದ. ಅದಕ್ಕೂ ಮೊದಲು ಪಿಟ್ಸ್‌ಬರ್ಗ್‌ನಲ್ಲಿ ಎರಡು ಗೆದ್ದಿದ್ದ. ನಾಲ್ಕು ಕಪ್ ಗೆದ್ದವನಿಗೆ ಡಿಫೆನ್ಸ್ ಬರುತ್ತಿರಲಿಲ್ಲ ಎಂದು ಹೇಗೆ ಹೇಳುವುದು?

ಕೊನೆಗೆ ನಾನು ಗೆಳೆಯರ ಮುಂದೆ ಇಡುವ ಲೆಕ್ಕ ಇಷ್ಟೆ. 60 ಅಸಿಸ್ಟ್ ಆಗಲ್ಲ ಎನ್ನುತ್ತಿದ್ದರು. 2024-25ರಲ್ಲಿ ಹಟ್ಸನ್ ಮಾಡಿ ತೋರಿಸಿದ. ರೂಕಿ ಡಿಫೆನ್ಸ್‌ಮನ್ ಅಷ್ಟೊಂದು ಗೋಲ್ ಹೊಡೆಯಲ್ಲ ಎನ್ನುತ್ತಾರೆ. 2015-16ರಲ್ಲಿ ಫಿಲಡೆಲ್ಫಿಯಾದ ಶೇನ್ ಗಾಸ್ಟಿಸ್‌ಬೇರ್ ಬರೀ 64 ಪಂದ್ಯದಲ್ಲಿ 17 ಗೋಲ್ ಹೊಡೆದಿದ್ದ. 60 ಮತ್ತು 17 ಕೂಡಿಸಿ ನೋಡಿ. 77 ಬರುತ್ತದೆ.