ಸುಳ್ಳನ್ನು ದಯವಿಟ್ಟು ಬರೆದುಕೊಡಿ

ಪಹಣಿ ಎಲ್ಲಿ, ಜಾಮೀನುದಾರರು ಎಲ್ಲಿ, ಈ ಪುಟದಲ್ಲೂ ಒಂದು ಸಹಿ ಹಾಕಿ ಮಾರಾಯ್ರೆ ಎಂದು ಸಾಲ ಕೇಳಲು ಹೋದವರನ್ನು ಕಾಡುವ ನಮ್ಮ ಊರಿನ ಸೊಸೈಟಿ ಕಾರ್ಯದರ್ಶಿಗಳನ್ನು ನಾವು ಇಷ್ಟು ಕಾಲ ಬೈದದ್ದು ಅನ್ಯಾಯ. ಅಮೆರಿಕದ ದಿವಾಳಿ ಕಾನೂನನ್ನು ಓದಿದವರು ಅವರಿಗೆ ಉಡುಪಿಯ ರಥಬೀದಿಯಲ್ಲೇ ಶಾಲು ಹೊದೆಸಿ ಸನ್ಮಾನಿಸುತ್ತಾರೆ.

ದಿವಾಳಿಯಾದವನ ಸಾಲಗಳನ್ನು ಅಲ್ಲಿನ ನ್ಯಾಯಾಲಯ ಮನ್ನಾ ಮಾಡಿದರೂ ಮೋಸದಿಂದ ಪಡೆದ ಸಾಲ ಅವನ ಬೆನ್ನು ಬಿಡುವುದಿಲ್ಲ. ಕೇಳಲು ಎಷ್ಟು ಧರ್ಮಸಮ್ಮತ! ಆದರೆ ಸಾಲಗಾರ ತನ್ನ ಹಣಕಾಸಿನ ಸ್ಥಿತಿಯ ಬಗ್ಗೆ ಸುಳ್ಳು ಹೇಳಿದ್ದರೆ ಅದು ಬರಹದಲ್ಲಿರಬೇಕು; ಬಾಯಿಮಾತಿನ ಸುಳ್ಳು ಸಾಲದ ಜೊತೆಗೇ ಮನ್ನಾ.

ಜಾರ್ಜಿಯಾ ರಾಜ್ಯದ ಕಕ್ಷಿದಾರನೊಬ್ಬ ವಕೀಲರಿಗೆ 60,000 ಡಾಲರಿಗೂ ಹೆಚ್ಚು ಶುಲ್ಕ ಬಾಕಿ ಉಳಿಸಿಕೊಂಡು, ತೆರಿಗೆ ಮರುಪಾವತಿಯಾಗಿ ಸುಮಾರು 1,00,000 ಡಾಲರ್ ಬರಲಿದೆ ಎಂದು ಅವರನ್ನು ನಂಬಿಸಿದ. ಬಂದ 59,851 ಡಾಲರನ್ನು ತನ್ನ ವ್ಯಾಪಾರಕ್ಕೆ ಸುರಿದು, ಹಣ ಇನ್ನೂ ಬಂದಿಲ್ಲವೆಂದ. ಒಂದೇ ಒಂದು ಆಸ್ತಿಯ ಕುರಿತ ಮಾತೂ ಹಣಕಾಸಿನ ಸ್ಥಿತಿಯ ಹೇಳಿಕೆಯಾಗಬಲ್ಲದು, ಅದು ಬರಹದಲ್ಲಿಲ್ಲದ್ದರಿಂದ ಸಾಲ ಉಳಿಯದು ಎಂದು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪಿತ್ತಿತು. ಮೋಸ ಹೋದವರು ವಕೀಲರು ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ: ಊರಿನವರಿಗೆಲ್ಲ ಕರಾರುಪತ್ರ ಬರೆದುಕೊಡುವ ಮಹನೀಯರಿಗೆ ತಮ್ಮದೇ ಶುಲ್ಕಕ್ಕೆ ಒಂದು ಚೀಟಿ ಬರೆಸಿಕೊಳ್ಳಬೇಕೆಂದು ತೋಚಲಿಲ್ಲ.

ಸುಳ್ಳು ಬರಹದಲ್ಲಿದ್ದರೂ ಸಾಲ ಕೊಟ್ಟವನ ಪರೀಕ್ಷೆ ಮುಗಿಯದು. ತಾನು ಅದನ್ನು ನಂಬಿದ್ದು ವಿವೇಕಿಯೊಬ್ಬ ನಂಬುವ ರೀತಿಯಲ್ಲೇ ಎಂದು ಅವನು ಸಾಬೀತುಪಡಿಸಬೇಕು. ಬೇರೆ ಬಗೆಯ ಮೋಸಗಳಿಗಾದರೆ, ಅದೇ ಕೋರ್ಟಿನ 1995ರ ತೀರ್ಪಿನಂತೆ, ಅಷ್ಟು ವಿವೇಕ ಬೇಡ, ಅವನ ಪರಿಸ್ಥಿತಿಯಲ್ಲಿ ಆ ನಂಬಿಕೆಗೆ ಸಮರ್ಥನೆಯಿದ್ದರೆ ಸಾಕು. ಹೀಗೆ ಪೆದ್ದುತನಕ್ಕೂ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಉಂಟು. ಮೋಸ ಮಾಡಿದವನಿಗೆ ಮಾತ್ರ ಇಂಥ ಯಾವ ಅರ್ಹತಾ ಪರೀಕ್ಷೆಯೂ ಇಲ್ಲ.

ನಮ್ಮಲ್ಲಿ 2016ರ ದಿವಾಳಿ ಸಂಹಿತೆಯೂ ಮೋಸದ ಸಾಲಕ್ಕೆ ಬಿಡುಗಡೆ ಕೊಡುವುದಿಲ್ಲ. ಶಿಕ್ಷಣ ಸಾಲಕ್ಕೂ ಕೊಡುವುದಿಲ್ಲವಾದ್ದರಿಂದ ವಂಚಕನೂ ಮಣಿಪಾಲದಲ್ಲಿ ಓದಿದ ಹುಡುಗನೂ ಒಂದೇ ಬೆಂಚಿನಲ್ಲಿ ಕೂರಬೇಕು. ಆದರೆ ವ್ಯಕ್ತಿಗಳ ದಿವಾಳಿಯ ಆ ಭಾಗ 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದು ಕಂಪನಿಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗಷ್ಟೇ. ಉಡುಪಿಯ ಸಾಮಾನ್ಯ ಸಾಲಗಾರನಿಗೆ 1920ರ ಪ್ರಾಂತೀಯ ದಿವಾಳಿ ಕಾನೂನೇ ಗತಿ. 1925ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾಗಿ ಹೋಯಿತು. ಅದಕ್ಕಿಂತ ಐದು ವರ್ಷ ಹಿರಿಯದಾದ ಕಾನೂನು ಮಾತ್ರ, ಯಾರೂ ವಿಲೀನಕ್ಕೆ ಕರೆಯದ ಕಾರಣ, ಈಗಲೂ ಸೇವೆಯಲ್ಲಿದೆ.